ಹಿಮಾಲಯದ ಬಾಗಿಲುಗಳನ್ನು ಮುಚ್ಚಿದವರು ಯಾರು?

ಕಠ್ಮಂಡುವಿನ ಹನುಮಾನ್ ಢೋಕಾ ಅರಮನೆಯ ಹೊರಗೋಡೆಯಲ್ಲಿ 1654ರ ಒಂದು ಕಲ್ಬರಹವಿದೆ. ಅದನ್ನು ಕೆತ್ತಿಸಿದವನು ಆ ಊರಿನ ಅರಸ ಪ್ರತಾಪ ಮಲ್ಲ. ಕಾಳಿಕಾದೇವಿಗೆ ಅರ್ಪಿಸಿದ ಆ ಬರಹದಲ್ಲಿ ಹದಿನೈದು ಭಾಷೆ, ಲಿಪಿಗಳನ್ನು ಸೇರಿಸಲಾಗಿದೆ. ನೇವಾರಿ, ಟಿಬೆಟನ್, ಪರ್ಷಿಯನ್‌ಗಳ ನಡುವೆ ರೋಮನ್ ಅಕ್ಷರಗಳಲ್ಲಿ ಶರತ್ಕಾಲ, ಚಳಿಗಾಲಗಳನ್ನು ಹೇಳುವ ಫ್ರೆಂಚ್ ಮತ್ತು ಇಂಗ್ಲಿಷ್ ಪದಗಳೂ ಇವೆ. ಅರಸನಿಗೆ ಆ ಭಾಷೆಗಳೆಲ್ಲ ಬರುತ್ತಿದ್ದವೆಂದು ನಂಬಬೇಕಿಲ್ಲ. ಅವನ್ನು ಬಲ್ಲವರು ಊರಿಗೆ ಬಂದುಹೋಗುತ್ತಿದ್ದರು ಎಂಬುದಷ್ಟೇ ಇಲ್ಲಿ ಮುಖ್ಯ. ಕೆಲವೇ ವರ್ಷಗಳ ನಂತರ, 1662ರಲ್ಲಿ, ಗ್ರೂಬರ್ ಮತ್ತು ದೊರ್ವಿಲ್ ಎಂಬ ಜೆಸ್ಯುಟ್ ಪಾದ್ರಿಗಳು ಪೀಕಿಂಗ್‌ನಿಂದ ಲ್ಹಾಸಾ ಹಾದು ಇದೇ ಕಠ್ಮಂಡುವಿಗೆ ಬಂದು, ಪ್ರತಾಪ ಮಲ್ಲನಿಗೆ ದೂರದರ್ಶಕ ತೋರಿಸಿ, ಆಗ್ರಾದ ದಾರಿ ಹಿಡಿದರು. ಚೀನದಿಂದ ಭಾರತಕ್ಕೆ ನೆಲದ ಮೇಲೆ ಹೋಗುವವರಿಗೆ ನೇಪಾಳ ಆಗ ದಾರಿಯ ನಡುವಿನ ಊರು. ಇನ್ನೂರು ವರ್ಷ ಕಳೆಯುವಷ್ಟರಲ್ಲಿ ಅದೇ ದೇಶ ಹೊರಗಿನವರು ಕಾಲಿಡಲಾಗದ ನಾಡೆಂದು ಹೆಸರಾಯಿತು. ಈ ನಡುವೆ ಬೆಟ್ಟಗಳೇನೂ ಎತ್ತರವಾಗಲಿಲ್ಲ. ಆದರೂ ನೇಪಾಳ ಹಿಂದುಳಿದದ್ದೇಕೆ, ಒಂಟಿಯಾದದ್ದೇಕೆ ಎಂದು ಕೇಳಿದರೆ ಶಾಲೆಯ ಪುಸ್ತಕದಿಂದ ಪತ್ರಿಕೆಯ ಅಂಕಣದವರೆಗೆ ಸಿಗುವ ಉತ್ತರ ಒಂದೇ: ಬೆಟ್ಟದ ದೇಶ, ಕಡಲಿಲ್ಲದ ದೇಶ. ಈ ಉತ್ತರ ಸಾಲದು ಎನ್ನುವುದು ನನ್ನ ವಾದ. ಹಿಮಾಲಯಕ್ಕೆ ಬಾಗಿಲುಗಳಿದ್ದವು. ಅವು ಬೇರೆ ಬೇರೆ ಕಾಲದಲ್ಲಿ, ಬೇರೆ ಬೇರೆಯವರ ತೀರ್ಮಾನದಿಂದ, ಬೇರೆ ಬೇರೆ ಲಾಭಕ್ಕಾಗಿ ಮುಚ್ಚಿಹೋದವು.

ಬಾಗಿಲು ಎಂದದ್ದು ಅಲಂಕಾರಕ್ಕಲ್ಲ. ಹಿಮಾಲಯ ಮೇಲೇಳುವ ಮೊದಲೇ ಹರಿಯುತ್ತಿದ್ದ ಕೆಲವು ನದಿಗಳು, ನೆಲ ಏರಿದಂತೆಲ್ಲ ಅದನ್ನು ಕೊರೆಯುತ್ತಲೇ ಬಂದವು. ಹಾಗಾಗಿ ಟಿಬೆಟ್‌ನ ಕಡೆಯಿಂದ ಹೊರಟು ಪರ್ವತಶ್ರೇಣಿಯನ್ನೇ ಸೀಳಿಕೊಂಡು ದಕ್ಷಿಣಕ್ಕಿಳಿಯುವ ಕಂದರಗಳು ನೇಪಾಳದಲ್ಲಿವೆ. 8167 ಮೀಟರ್ ಎತ್ತರದ ಧವಳಗಿರಿ ಮತ್ತು 8091 ಮೀಟರಿನ ಅನ್ನಪೂರ್ಣಾಗಳ ನಡುವೆ ಕಾಳಿಗಂಡಕಿ ಹರಿದುಬರುತ್ತದೆ. ಕಠ್ಮಂಡುವಿಗೆ ಹತ್ತಿರದ ಎರಡು ದಾರಿಗಳೆಂದರೆ ಭೋಟೆಕೋಶಿಯ ಗುಂಟ ಹೋಗುವ ಕುತಿಯ ದಾರಿ, ತ್ರಿಶೂಲಿಯ ಗುಂಟ ಹೋಗುವ ಕೇರುಂಗ್ ದಾರಿ. ಈ ಎರಡೂ ದಾರಿಗಳಲ್ಲಿ ಇಂದಿನ ಗಡಿಯ ಸೇತುವೆಗಳಿರುವ ಜಾಗ ಎರಡು ಸಾವಿರ ಮೀಟರ್ ಎತ್ತರವನ್ನೂ ಮುಟ್ಟುವುದಿಲ್ಲ. ನಿಜವಾದ ಏರು ಇರುವುದು ಅದರಾಚೆಗೆ, ಟಿಬೆಟ್‌ನ ಪ್ರಸ್ಥಭೂಮಿಗೆ ಹತ್ತುವಲ್ಲಿ. ದಕ್ಷಿಣದ ಅಡ್ಡಿ ಬೇರೆಯದು. ಬೆಟ್ಟದ ಬುಡದ ತರಾಯಿಯಲ್ಲಿ ಬೇಸಿಗೆ ಶುರುವಾದಾಗಿನಿಂದ ಮಳೆಗಾಲ ಮುಗಿಯುವವರೆಗೂ ಪ್ರಾಣ ತೆಗೆಯುವ ಮಲೇರಿಯಾ. ಥಾರು ಜನರನ್ನು ಬಿಟ್ಟರೆ ಆ ಕಾಲದಲ್ಲಿ ಅಲ್ಲಿ ತಂಗಿ ಬದುಕಿ ಬರುವವರು ಕಡಿಮೆ. ಬಯಲಿನ ವ್ಯಾಪಾರಿ ಚಳಿಗಾಲದಲ್ಲಷ್ಟೇ ತರಾಯಿ ದಾಟಿ ಮೇಲೆ ಬರಬೇಕು. ಆಗ ಟಿಬೆಟ್‌ನ ದಾರಿ ಹಿಮದಲ್ಲಿ ಮುಚ್ಚಿರುತ್ತದೆ. ಹಿಮ ಕರಗಿ ಆ ದಾರಿ ತೆರೆಯುವ ಹೊತ್ತಿಗೆ ತರಾಯಿಯಲ್ಲಿ ಜ್ವರ. ಹೀಗಾಗಿ ಸರಕು ಒಂದೇ ಓಟದಲ್ಲಿ ಆಚೆ ದಾಟುವಂತಿರಲಿಲ್ಲ, ನಡುವೆ ಎಲ್ಲಾದರೂ ತಂಗಲೇಬೇಕಿತ್ತು. ತಂಗಲು ತಕ್ಕ ಜಾಗವೆಂದರೆ ಹಳೆಯ ಕೆರೆಯ ಮಣ್ಣಿನ ಫಲವತ್ತಾದ, ಜ್ವರವಿಲ್ಲದ, ವರ್ಷಕ್ಕೆರಡು ಬೆಳೆ ಕೊಡುವ ಕಠ್ಮಂಡು ಕಣಿವೆ. ನಾವು ಶಾಪವೆಂದು ತಿಳಿದ ಅಡ್ಡಿಗಳೇ ಆ ಕಣಿವೆಯನ್ನು ಪೇಟೆಯಾಗಿ ಮಾಡಿದವು.

ಈ ಹಾದಿಯ ಬಳಕೆ ಎಷ್ಟು ಹಳೆಯದು ಎಂಬುದಕ್ಕೆ ಪುರಾಣ ಬೇಕಿಲ್ಲ. ಕಣಿವೆಯ ಚಾಂಗು ನಾರಾಯಣ ದೇವಾಲಯದಲ್ಲಿರುವ ಲಿಚ್ಛವಿ ಅರಸ ಮಾನದೇವನ ಕ್ರಿ.ಶ. 464ರ ಶಾಸನ ಒಳ್ಳೆಯ ಸಂಸ್ಕೃತದಲ್ಲಿದೆ. ಗಂಗಾ ಬಯಲಿನ ಅಕ್ಷರ, ಕಾವ್ಯಗಳು ಆಗಲೇ ಬೆಟ್ಟ ಏರಿದ್ದವು. ಏಳನೆಯ ಶತಮಾನದಲ್ಲಿ ಸಿಂಹಾಸನ ಕಳೆದುಕೊಂಡ ನರೇಂದ್ರದೇವ ಟಿಬೆಟ್‌ನಲ್ಲಿ ಆಶ್ರಯ ಪಡೆದು, ಅಲ್ಲಿನ ಸೇನೆಯ ನೆರವಿನಿಂದ ಮರಳಿ ಪಟ್ಟಕ್ಕೇರಿದ. ಹರ್ಷವರ್ಧನ ತೀರಿಕೊಂಡ ಗೊಂದಲದಲ್ಲಿ ಚೀನದ ರಾಯಭಾರಿ ವಾಂಗ್ ಷ್ವಾನ್‌ತ್ಸೆ ಉತ್ತರ ಭಾರತದಲ್ಲಿ ದಾಳಿಗೊಳಗಾದಾಗ, ಅವನು ಓಡಿದ್ದು ಬೆಟ್ಟದ ಕಡೆಗೆ. 648ರ ಸುಮಾರಿಗೆ ಏಳು ಸಾವಿರ ನೇಪಾಳಿ ಸವಾರರೊಂದಿಗೆ, ಟಿಬೆಟ್‌ನ ಪಡೆಯೊಂದನ್ನೂ ಕೂಡಿಕೊಂಡು ಇಳಿದುಬಂದು ಸೇಡು ತೀರಿಸಿಕೊಂಡ ಎಂದು ಚೀನದ ದಾಖಲೆಗಳು ಹೇಳುತ್ತವೆ. ಸಂಖ್ಯೆಯಲ್ಲಿ ಉತ್ಪ್ರೇಕ್ಷೆ ಇದ್ದೀತು. ಆದರೆ ಸೈನ್ಯ ದಾಟುವ ದಾರಿ ಅಲ್ಲಿತ್ತು ಎಂಬುದರಲ್ಲಿ ಉತ್ಪ್ರೇಕ್ಷೆಯಿಲ್ಲ. ಇನ್ನೂ ಆರುನೂರು ವರ್ಷಗಳ ಮೇಲೆ, 1260ರಲ್ಲಿ, ಅರನಿಕೋ ಎಂಬ, ಕಣಿವೆಯ ನೇವಾರ ಸಮುದಾಯದ ಹದಿಹರೆಯದ ಕುಶಲಕರ್ಮಿ ಎಂಬತ್ತು ಮಂದಿಯ ತಂಡದೊಂದಿಗೆ ಟಿಬೆಟ್‌ಗೆ ಹೋದ. ಅಲ್ಲಿಂದ ಕುಬ್ಲಾ ಖಾನನ ಆಸ್ಥಾನ ಸೇರಿ, ಇಂದಿಗೂ ಬೀಜಿಂಗ್‌ನಲ್ಲಿ ನಿಂತಿರುವ ಬಿಳಿಯ ಸ್ತೂಪವನ್ನು ಕಟ್ಟಿದ. ಕಣಿವೆಯ ಎರಕದವರು, ಶಿಲ್ಪಿಗಳು, ಚಿತ್ರಕಾರರಿಗೆ ಟಿಬೆಟ್‌ನ ಮಠಗಳೇ ದೊಡ್ಡ ಗಿರಾಕಿಗಳು.

ದಕ್ಷಿಣದಿಂದಲೂ ಜನ ಬಂದರು, ಅದರಲ್ಲಿ ಕನ್ನಡ ನಾಡಿನ ಎಳೆಯೊಂದಿದೆ. 1097ರಲ್ಲಿ ಮಿಥಿಲೆಯಲ್ಲಿ ರಾಜ್ಯ ಕಟ್ಟಿದ ನಾನ್ಯದೇವ ತನ್ನನ್ನು ಕರ್ಣಾಟ ವಂಶದವನೆಂದು ಕರೆದುಕೊಂಡ. ಕಲ್ಯಾಣದ ಚಾಲುಕ್ಯರು ಉತ್ತರಕ್ಕೆ ದಂಡೆತ್ತಿ ಹೋದಾಗ ಜೊತೆಗಿದ್ದ ಯಾವುದೋ ಸಾಮಂತ ಮನೆತನ ಅಲ್ಲೇ ಉಳಿದಿರಬೇಕು ಎಂಬುದು ಇತಿಹಾಸಕಾರರ ಊಹೆ. ಅವನ ರಾಜಧಾನಿ ಸಿಮ್ರೌನ್‌ಗಢ ಇಂದಿನ ನೇಪಾಳದ ತರಾಯಿಯಲ್ಲಿದೆ. ನಾನ್ಯದೇವ ಭರತನ ನಾಟ್ಯಶಾಸ್ತ್ರಕ್ಕೆ ವ್ಯಾಖ್ಯಾನ ಬರೆದವನು ಕೂಡ. 1324ರಲ್ಲಿ ಘಿಯಾಸುದ್ದೀನ್ ತುಘಲಕ್‌ನ ದಾಳಿಗೆ ರಾಜ್ಯ ಕುಸಿದಾಗ ಅರಸ ಹರಿಸಿಂಹದೇವ ಬೆಟ್ಟಕ್ಕೆ ಓಡಿ ದಾರಿಯಲ್ಲೇ ತೀರಿಕೊಂಡ. ರಾಣಿ ದೇವಲದೇವಿ ಭಕ್ತಪುರ ತಲುಪಿದಳು. ಅವಳ ವಂಶದ ಕುಡಿ ರಾಜಲ್ಲದೇವಿಯನ್ನು ಮದುವೆಯಾದವನೇ ಜಯಸ್ಥಿತಿ ಮಲ್ಲ. ಮುಂದಿನ ಮಲ್ಲ ಅರಸರು ತಾವು ಕರ್ಣಾಟ ವಂಶದವರೆಂದು ಹೆಮ್ಮೆಯಿಂದ ಹೇಳಿಕೊಂಡರು. ಇದನ್ನು ಹಿಡಿದು ನೇಪಾಳವನ್ನು ಆಳಿದ್ದು ಕನ್ನಡಿಗರು ಎಂದು ಎದೆಯುಬ್ಬಿಸುವುದು ತಪ್ಪು. ಮಿಥಿಲೆಯಲ್ಲಿ ಇನ್ನೂರಕ್ಕೂ ಹೆಚ್ಚು ವರ್ಷ ಬಾಳಿದ ಮನೆತನ ಮೈಥಿಲವೇ ಆಗಿತ್ತು, ಜಯಸ್ಥಿತಿಯ ಸ್ವಂತ ಮೂಲವಂತೂ ಇನ್ನೂ ಚರ್ಚೆಯಲ್ಲಿದೆ. ನನಗೆ ಮುಖ್ಯವಾಗಿ ಕಾಣುವುದು ಇಷ್ಟು: ದೂರದ ದಕ್ಷಿಣದ ಹೆಸರನ್ನು ಹೊತ್ತು ಮೆರೆಯುವುದು ಆ ಬೆಟ್ಟದ ಆಸ್ಥಾನದಲ್ಲಿ ಗೌರವದ ಮಾತಾಗಿತ್ತು. ಪಶುಪತಿನಾಥದಲ್ಲಿ ಇಂದಿಗೂ ಪೂಜೆ ಮಾಡುವ ಭಟ್ಟರು ನಮ್ಮ ಕಡೆಯಿಂದ ಹೋದವರು. ಆ ಪದ್ಧತಿ ಶಂಕರಾಚಾರ್ಯರಿಂದ ಬಂತೆಂಬುದು ನಂಬಿಕೆ, ದಾಖಲೆ ಸಿಗುವುದು ಮಲ್ಲರ ಕಾಲದಿಂದೀಚೆಗೆ. 2009ರ ಹೊತ್ತಿಗೆ ಸ್ಥಳೀಯರನ್ನೇ ಅರ್ಚಕರನ್ನಾಗಿ ಮಾಡಬೇಕೆಂಬ ಸರ್ಕಾರದ ಪ್ರಯತ್ನ ನ್ಯಾಯಾಲಯದವರೆಗೂ ಹೋಗಿ, ಕೊನೆಗೆ ಹಳೆಯ ಕ್ರಮವೇ ಉಳಿಯಿತು.

ಕಣಿವೆಯ ಸಂಪತ್ತಿನ ಗುಟ್ಟು ತಿಳಿಯಬೇಕಾದರೆ ನಾಣ್ಯ ನೋಡಬೇಕು. ಟಿಬೆಟ್‌ನಲ್ಲಿ ಬೆಳ್ಳಿ ಬರುತ್ತಿತ್ತು, ಟಂಕಸಾಲೆ ಇರಲಿಲ್ಲ. ಹದಿನಾರನೆಯ ಶತಮಾನದಲ್ಲಿ ಮಹೇಂದ್ರ ಮಲ್ಲ ಬೆಳ್ಳಿ ನಾಣ್ಯ ಹೊರಡಿಸಿದ ಮೇಲೆ ಅದು ಟಿಬೆಟ್‌ನಲ್ಲೂ ಚಲಾವಣೆಗೆ ಬಂತು. ಪ್ರತಾಪ ಮಲ್ಲನ ಕಾಲದ ಒಪ್ಪಂದದಿಂದ ಈ ವ್ಯವಹಾರಕ್ಕೆ ಬಲ ಸಿಕ್ಕಿತು. ನೇವಾರ ವರ್ತಕರು ಲ್ಹಾಸಾದಲ್ಲಿ ಮೂವತ್ತೆರಡು ಕೋಠಿಗಳನ್ನು ಇಡುವ ಹಕ್ಕು ಪಡೆದರು. ಟಿಬೆಟ್ ಬೆಳ್ಳಿ ಕಳುಹಿಸುತ್ತಿತ್ತು, ನೇಪಾಳ ಅದೇ ತೂಕದ ನಾಣ್ಯ ಮರಳಿಸುತ್ತಿತ್ತು. ನಾಣ್ಯದಲ್ಲಿ ಬೆರೆಸಿದ ತಾಮ್ರದಷ್ಟು ಬೆಳ್ಳಿ ಕಣಿವೆಯಲ್ಲೇ ಉಳಿಯುತ್ತಿತ್ತು. ಉಣ್ಣೆ, ಕಸ್ತೂರಿ, ಚಮರೀಬಾಲ, ಉಪ್ಪು, ಚಿನ್ನ ಕೆಳಗಿಳಿಯುತ್ತಿದ್ದವು. ಬಟ್ಟೆ, ಅಕ್ಕಿ, ಲೋಹದ ಪಾತ್ರೆ, ಮೂರ್ತಿಗಳು ಮೇಲೇರುತ್ತಿದ್ದವು. ಕಾಶ್ಮೀರಿ ಮುಸ್ಲಿಮರು, ಗೋಸಾಯಿ ಸಂನ್ಯಾಸಿ ವರ್ತಕರು ಇಲ್ಲಿ ಮನೆ ಮಾಡಿಕೊಂಡಿದ್ದರು. ಕಠ್ಮಂಡು, ಪಾಟನ್, ಭಕ್ತಪುರ ಎಂಬ ಮೂರು ಪುಟ್ಟ ರಾಜ್ಯಗಳು ಒಂದನ್ನೊಂದು ಮೀರಿಸಲು ಕಟ್ಟಿದ ದೇಗುಲ, ಚೌಕ, ಕೊಳಗಳೆಲ್ಲ ಒಕ್ಕಲುತನದ ಕಂದಾಯವೊಂದರಿಂದಲೇ ಎದ್ದವೆಂದು ಹೇಳಲಾಗದು.

ಇಲ್ಲೊಂದು ಆಕ್ಷೇಪ ಏಳುತ್ತದೆ, ಅದು ನ್ಯಾಯವಾದದ್ದು. ಈ ತೆರೆದ ಬಾಗಿಲಿನಿಂದ ಲಾಭವಾದದ್ದು ಯಾರಿಗೆ? ಅರಸನಿಗೆ, ಕೆಲವು ನೂರು ವರ್ತಕ ಮನೆಗಳಿಗೆ. ಕಣಿವೆಯ ಸುತ್ತಲಿನ ಬೆಟ್ಟದ ತಮಾಂಗರ ಪಾಲಿಗೆ ಬಂದದ್ದು ಹೊರೆ. ಮುಂದೆ ಮಲ್ಲರನ್ನು ಸೋಲಿಸಿ ಗೋರ್ಖಾ ಅರಸರ ಆಳ್ವಿಕೆ ಬಂದ ಮೇಲಂತೂ ಟಪಾಲು ಹೊರುವುದು, ಕಾಗದ ತಯಾರಿಸುವುದು, ಮದ್ದಿನ ಕಾರ್ಖಾನೆಗೆ ದುಡಿಯುವುದು ಇವೆಲ್ಲ ಅವರ ಮೇಲೆ ಬಿಟ್ಟಿ ಚಾಕರಿಯಾಗಿ ಬಿದ್ದವು. 1854ರ ಮುಲುಕಿ ಐನ್ ಎಂಬ ಕಾನೂನು ಸಂಹಿತೆ ಅವರನ್ನು ಗುಲಾಮರನ್ನಾಗಿ ಮಾಡಬಹುದಾದ ಜಾತಿಗಳ ಸಾಲಿಗೆ ಸೇರಿಸಿತು. ಲಾಭದ ಆಸೆಗೆ ಲ್ಹಾಸಾಕ್ಕೆ ಹೋದವರ ಮನೆಯಲ್ಲಿ ಕಾದು ಸವೆದ ಹೆಂಗಸರ ದುಃಖವೂ ಇದೆ. ಲಕ್ಷ್ಮೀಪ್ರಸಾದ ದೇವಕೋಟಾ 1936ರಲ್ಲಿ ಬರೆದ ‘ಮುನಾ ಮದನ’ ಆ ದುಃಖದ ಕಥೆ, ನೇಪಾಳಿ ಭಾಷೆಯಲ್ಲಿ ಅದರಷ್ಟು ಜನಪ್ರಿಯವಾದ ಕಾವ್ಯ ಇನ್ನೊಂದಿಲ್ಲ. ಈ ಆಕ್ಷೇಪವನ್ನು ನಾನು ಒಪ್ಪುತ್ತೇನೆ. ಆದರೆ ಅದು ನನ್ನ ವಾದವನ್ನು ಮುರಿಯುವುದಿಲ್ಲ, ಇನ್ನಷ್ಟು ಗಟ್ಟಿಗೊಳಿಸುತ್ತದೆ. ವ್ಯಾಪಾರದ ಫಲ ಹಂಚಿಹೋಗದಂತೆ ನೋಡಿಕೊಂಡದ್ದು ಬೆಟ್ಟವಲ್ಲ. ಉತ್ತರದ ಗಡಿಯ ಹುಮ್ಲಾ, ಡೋಲ್ಪೊಗಳಲ್ಲಿ ಕುರಿ ಮೇಕೆಗಳ ಬೆನ್ನಿಗೆ ಪುಟ್ಟ ಚೀಲ ಕಟ್ಟಿ ಟಿಬೆಟ್‌ನ ಉಪ್ಪು ತಂದು, ಕೆಳಗಿನ ಹಳ್ಳಿಗಳಲ್ಲಿ ಧಾನ್ಯಕ್ಕೆ ಬದಲಿಸಿ ಬದುಕಿದ ಸಾವಿರಾರು ಬಡ ಕುಟುಂಬಗಳಿದ್ದವು. ಕಡಿದಾದ ದಾರಿಯಲ್ಲೂ ಅವರ ಪಾಲು ಅವರಿಗೆ ಸಿಗುತ್ತಿತ್ತು. ಅದು ಕೈತಪ್ಪುತ್ತಿದ್ದದ್ದು ಕಾಳಿಗಂಡಕಿಯ ದಾರಿಯಲ್ಲಿ ಆದಂತೆ ಉಪ್ಪಿನ ಗುತ್ತಿಗೆಯನ್ನು ಸರ್ಕಾರ ಒಬ್ಬ ಸುಂಕದ ಸಾಹುಕಾರನಿಗೆ ಬರೆದುಕೊಟ್ಟಾಗ.

ಬಾಗಿಲು ಮುಚ್ಚುವ ಶಕ್ತಿ ಎಷ್ಟು ದೊಡ್ಡದು ಎಂದು ಮೊದಲು ತೋರಿಸಿಕೊಟ್ಟವನು ಇಂದಿನ ನೇಪಾಳವನ್ನು ಕಟ್ಟಿದ ಪೃಥ್ವಿನಾರಾಯಣ ಶಾಹನೇ. ಗೋರ್ಖಾ ಎಂಬ ಬಡ ಬೆಟ್ಟದ ರಾಜ್ಯಕ್ಕೆ 1743ರಲ್ಲಿ ಅರಸನಾದ ಅವನು ಮರುವರ್ಷವೇ ಕೇರುಂಗ್ ದಾರಿಯ ಮೇಲಿನ ನುವಾಕೋಟ್ ಹಿಡಿದ. ಅಲ್ಲಿಂದ ಸುಮಾರು ಕಾಲು ಶತಮಾನ ಅವನು ಕಣಿವೆಯ ಕತ್ತು ಹಿಸುಕಿದ ರೀತಿ ಭೀಕರ. ಒಳಗೆ ಒಂದಿಷ್ಟು ಉಪ್ಪು, ಹತ್ತಿ ಸಾಗಿಸುತ್ತ ಸಿಕ್ಕಿಬಿದ್ದವರನ್ನೂ ದಾರಿಬದಿಯ ಮರಗಳಿಗೆ ನೇಣು ಹಾಕಿಸಿದ ಎಂದು ಆಗ ಅಲ್ಲಿದ್ದ ಕಪುಚಿನ್ ಪಾದ್ರಿ ಜುಸೆಪ್ಪೆ ಬರೆದಿಟ್ಟಿದ್ದಾನೆ. 1768ರಲ್ಲಿ ಇಂದ್ರಜಾತ್ರೆಯ ದಿನ ಕಠ್ಮಂಡು ಬಿತ್ತು, ಮರುವರ್ಷ ಭಕ್ತಪುರ. ಗೆದ್ದ ಮೇಲೆ ಅವನು ಪಾದ್ರಿಗಳನ್ನು ಓಡಿಸಿದ, ಗೋಸಾಯಿ ವರ್ತಕರನ್ನು ಹೊರಗಟ್ಟಿದ. ಅವನ ಭಯ ಹುಸಿಯಲ್ಲ. ಬ್ರಿಟಿಷರು ಬಕ್ಸಾರ್ ಕದನ ಗೆದ್ದು ನಾಲ್ಕೇ ವರ್ಷವಾಗಿತ್ತು. 1767ರಲ್ಲಿ ಕಣಿವೆಯ ಅರಸರ ನೆರವಿಗೆಂದು ಈಸ್ಟ್ ಇಂಡಿಯಾ ಕಂಪನಿ ಕಳುಹಿಸಿದ ಕ್ಯಾಪ್ಟನ್ ಕಿನ್ಲೋಕ್‌ನ ಪಡೆಯನ್ನು ಸಿಂಧುಲಿಯಲ್ಲಿ ಅವನ ಜನರೇ ಹೊಡೆದೋಡಿಸಿದ್ದರು. ತನ್ನ ರಾಜ್ಯವನ್ನು ಎರಡು ಬಂಡೆಗಳ ನಡುವಿನ ಗೆಡ್ಡೆಗೆ ಹೋಲಿಸಿದ ಆ ಮನುಷ್ಯನ ಎಚ್ಚರವನ್ನು ನಾನು ಮೆಚ್ಚುತ್ತೇನೆ. ಆದರೆ ಎಚ್ಚರಕ್ಕೆ ಕೊಟ್ಟ ಬೆಲೆಯನ್ನೂ ಲೆಕ್ಕ ಹಾಕಬೇಕು. ದಾರಿ ಕಟ್ಟಿದ್ದರಿಂದ ಕಂಪನಿ ಬೇರೆ ದಾರಿ ಹುಡುಕಿತು: 1774ರಲ್ಲಿ ವಾರನ್ ಹೇಸ್ಟಿಂಗ್ಸ್ ಟಿಬೆಟ್‌ಗೆ ಕಳುಹಿಸಿದ ಜಾರ್ಜ್ ಬೋಗ್ಲ್ ಹೋದದ್ದು ಭೂತಾನದ ಮೂಲಕ. ಮಲ್ಲರ ಕೊನೆಗಾಲದ ಬೆರಕೆ ನಾಣ್ಯಗಳನ್ನು ಯಾವ ದರಕ್ಕೆ ಬದಲಿಸಬೇಕೆಂಬ ಜಗಳ ಟಿಬೆಟ್‌ನೊಂದಿಗೆ ಯುದ್ಧವಾಗಿ ಬೆಳೆಯಿತು. 1791ರಲ್ಲಿ ಗೋರ್ಖಾ ಸೈನ್ಯ ಶಿಗಾತ್ಸೆಯ ತಾಶಿಲ್ಹುನ್ಪೊ ಮಠವನ್ನು ಲೂಟಿ ಮಾಡಿತು. ಮರುವರ್ಷ ಟಿಬೆಟ್‌ನ ನೆರವಿಗೆ ಬಂದ ಚೀನದ ಸೇನಾನಿ ಫುಕಾಂಗಾನ್ ಕೇರುಂಗ್ ದಾರಿಯಲ್ಲೇ ಇಳಿದು ನುವಾಕೋಟ್‌ನ ಸಮೀಪದವರೆಗೆ ಬಂದ. ಸಂಧಿಯಾಯಿತು, ರಾಜ್ಯ ಉಳಿಯಿತು. ಆದರೆ ಟಿಬೆಟ್ ತನ್ನದೇ ನಾಣ್ಯ ಮುದ್ರಿಸತೊಡಗಿತು. ಇನ್ನೂರು ವರ್ಷ ಕಣಿವೆಯನ್ನು ಸಾಕಿದ ಲಾಭ ಹೋಯಿತು.

ಬ್ರಿಟಿಷರೊಂದಿಗಿನ ಯುದ್ಧದಲ್ಲಿ ಸೋತು, 1816ರ ಸುಗೌಲಿ ಒಪ್ಪಂದದಲ್ಲಿ ಕುಮಾವ್, ಗಢವಾಲ, ಸಿಕ್ಕಿಂಗಳನ್ನು ಕಳೆದುಕೊಂಡ ಮೇಲೆ ದಕ್ಷಿಣದ ಬಾಗಿಲನ್ನು ಮುಚ್ಚುವುದು ರಾಜ್ಯದ ನೀತಿಯೇ ಆಯಿತು. ಬೆಟ್ಟದ ಬುಡದ ಚಾರ್‌ಕೋಸೆ ಕಾಡನ್ನು ಕೋಟೆಯಂತೆ ಉಳಿಸಿಕೊಂಡರು, ಜ್ವರವೂ ಕಾವಲುಗಾರನಾಯಿತು. ಬ್ರಿಟಿಷ್ ರೆಸಿಡೆಂಟನನ್ನು ಕಣಿವೆಯಾಚೆ ತಿರುಗಲು ಬಿಡಲಿಲ್ಲ. ಕಠ್ಮಂಡುವಿನಲ್ಲಿ ವರ್ಷಗಟ್ಟಲೆ ಇದ್ದ ಬ್ರಯನ್ ಹಾಜ್ಸನ್ ದೇಶದ ಪ್ರಾಣಿ, ಪಕ್ಷಿ, ಭಾಷೆಗಳ ಮಾಹಿತಿಯನ್ನು ಸ್ಥಳೀಯರನ್ನು ಕಳುಹಿಸಿ ತರಿಸಿಕೊಳ್ಳಬೇಕಾಯಿತು. 1846ರ ಕೋಟ್ ಹತ್ಯಾಕಾಂಡದಿಂದ ಅಧಿಕಾರ ಹಿಡಿದ ಜಂಗ್ ಬಹಾದೂರ್ ಮತ್ತು ಅವನ ರಾಣಾ ಮನೆತನ ಮುಂದಿನ 104 ವರ್ಷ ಈ ನೀತಿಯನ್ನು ಮುಂದುವರಿಸಿದರು. ಆದರೆ ಈಗ ಅದರ ಗುರಿ ಬದಲಾಗಿತ್ತು. ಹೊರಗಿನ ಸೈನ್ಯದ ಭಯ ತೀರಿತ್ತು. 1857ರ ದಂಗೆಯಲ್ಲಿ ಜಂಗ್ ಬಹಾದೂರ್ ತಾನೇ ಸೈನ್ಯದೊಂದಿಗೆ ಲಖನೌಗೆ ಇಳಿದು ಬ್ರಿಟಿಷರಿಗೆ ನೆರವಾಗಿದ್ದ. ಉಳಿದ ಭಯ ಒಳಗಿನ ಪ್ರಜೆಯದು. 1920ರಲ್ಲಿ ಕೃಷ್ಣಲಾಲ ಅಧಿಕಾರಿ ಎಂಬ ಬರಹಗಾರ ಮುಸುಕಿನ ಜೋಳದ ಬೇಸಾಯದ ಬಗ್ಗೆ ಪುಸ್ತಕ ಬರೆದ. ಅದರಲ್ಲಿ ಆಳುವವರ ಮೇಲೆ ಟೀಕೆಯಿದೆಯೆಂದು ಪ್ರತಿಗಳನ್ನು ಸುಟ್ಟು ಅವನನ್ನು ಸೆರೆಗೆ ತಳ್ಳಿದರು. ಅವನು ಸೆರೆಯಲ್ಲೇ ಸತ್ತ. 1951ರಲ್ಲಿ ರಾಣಾ ಆಳ್ವಿಕೆ ಮುಗಿದಾಗ ಓದು ಬಲ್ಲವರು ನೂರಕ್ಕೆ ಐವರ ಆಸುಪಾಸಿನಲ್ಲಿದ್ದರು.

ಬೆಟ್ಟವೇ ಕಾರಣ ಎನ್ನುವವರು ಸಿಂಗ ದರ್ಬಾರ್ ಕಡೆ ಒಮ್ಮೆ ನೋಡಬೇಕು. ಇಪ್ಪತ್ತನೆಯ ಶತಮಾನದ ಮೊದಲ ದಶಕದಲ್ಲಿ ರಾಣಾ ಪ್ರಧಾನಿ ಚಂದ್ರ ಶಮ್ಶೇರ್ ಕಟ್ಟಿಸಿದ ಆ ಅರಮನೆಗೆ ಯುರೋಪಿನ ದೀಪಗುಚ್ಛ, ನಿಲುವುಗನ್ನಡಿಗಳು ಬಂದವು, ಹಮಾಲರ ಬೆನ್ನ ಮೇಲೆ. ಮೋಟಾರು ದಾರಿಯಿಲ್ಲದ ಕಣಿವೆಗೆ ರಾಣಾಗಳ ಕಾರುಗಳನ್ನು ಹತ್ತಾರು ಜನ ಹೆಗಲು ಕೊಟ್ಟು ಬೆಟ್ಟ ಹತ್ತಿಸಿ ಇಳಿಸಿದರು. ಕಾರು ದಾಟಿದ ಬೆಟ್ಟವನ್ನು ಪುಸ್ತಕ ದಾಟಲಾರದೆ? ಕೆಳಕ್ಕೆ ಹೋಗುವ ಮನುಷ್ಯರಿಗಂತೂ ದಾರಿ ತೆರೆದೇ ಇತ್ತು. 1885ರಲ್ಲಿ ಬೀರ್ ಶಮ್ಶೇರ್ ಅಧಿಕಾರಕ್ಕೆ ಬಂದ ಮೇಲೆ ಗೂರ್ಖಾ ಪಡೆಗಳಿಗೆ ಭರ್ತಿ ಬಹಿರಂಗವಾಗಿಯೇ ನಡೆಯಿತು. ಮೊದಲ ಮಹಾಯುದ್ಧದಲ್ಲಿ ಸುಮಾರು ಎರಡು ಲಕ್ಷ ನೇಪಾಳಿಗಳು ಬ್ರಿಟನ್ನಿನ ಪರವಾಗಿ ದುಡಿದರು. ಇದನ್ನೆಲ್ಲ ಕೇಳಿದವರು ಮತ್ತೊಂದು ಪ್ರಶ್ನೆ ಎತ್ತುತ್ತಾರೆ: ಬಂಗಾಳ, ಅವಧ್, ಮೈಸೂರುಗಳ ಗತಿ ನೇಪಾಳಕ್ಕೆ ಬರಲಿಲ್ಲವಲ್ಲ, ಬಾಗಿಲು ಮುಚ್ಚಿದ್ದರಿಂದಲೇ ಸ್ವಾತಂತ್ರ್ಯ ಉಳಿಯಲಿಲ್ಲವೆ? 1816ರ ತನಕ ಈ ಮಾತಿಗೆ ತೂಕವಿದೆ. ಆನಂತರ ನೇಪಾಳವನ್ನು ಉಳಿಸಿದ್ದು ಬ್ರಿಟಿಷರ ಲೆಕ್ಕಾಚಾರ. ಬೆಟ್ಟದಲ್ಲಿ ಯುದ್ಧ ದುಬಾರಿ, ಆಳುವುದು ಇನ್ನೂ ದುಬಾರಿ; ಸೈನಿಕರು ಸಿಗುತ್ತಿರುವಾಗ ನೆಲ ಏಕೆ ಬೇಕು? ರಾಣಾಗಳು ತಮ್ಮ ಪ್ರಜೆಗಳ ದೇಹವನ್ನು ಹೊರಗೆ ಕಳುಹಿಸಿ, ಹೊರಗಿನ ವಿಚಾರವನ್ನು ತಡೆದರು.

ಉತ್ತರದ ಕಡೆ ನೇಪಾಳ ಇನ್ನೂ ಬಾಗಿಲು ತೆರೆದಿಡಲು ನೋಡಿತು. ಟಿಬೆಟ್‌ನೊಂದಿಗಿನ 1855ರ ಯುದ್ಧದ ಬಳಿಕ, 1856ರ ಥಾಪಾಥಲಿ ಒಪ್ಪಂದದಿಂದ ನೇಪಾಳಿ ವರ್ತಕರಿಗೆ ಟಿಬೆಟ್‌ನಲ್ಲಿ ಸುಂಕದ ವಿನಾಯಿತಿ, ಲ್ಹಾಸಾದಲ್ಲಿ ನೇಪಾಳದ ವಕೀಲನಿಗೆ ಜಾಗ, ವರ್ಷಕ್ಕೆ ಹತ್ತು ಸಾವಿರ ರೂಪಾಯಿ ಸಿಕ್ಕಿತು. ಈ ಹಿಡಿತವನ್ನು ಸಡಿಲಿಸಿದ್ದು ಕಡಿದಾದ ಬೆಟ್ಟವಲ್ಲ, ಇನ್ನೊಂದು ದಾರಿ. 1904ರಲ್ಲಿ ಬ್ರಿಟಿಷ್ ಅಧಿಕಾರಿ ಯಂಗ್‌ಹಸ್ಬೆಂಡ್ ಟಿಬೆಟ್ ಮೇಲೆ ನಡೆಸಿದ ದಂಡಯಾತ್ರೆ ಸಿಕ್ಕಿಂನ ಪಕ್ಕದ ಚುಂಬಿ ಕಣಿವೆಯ ಹಾದಿಯನ್ನು ತೆರೆಯಿತು. ಕಲ್ಕತ್ತೆಯಿಂದ ರೈಲು, ಕಾಲಿಂಪಾಂಗ್‌ನಿಂದ ಹೇಸರಗತ್ತೆ. ನೇವಾರ ವರ್ತಕರೂ ಕಠ್ಮಂಡು ಬಿಟ್ಟು ಕಾಲಿಂಪಾಂಗ್‌ನಲ್ಲಿ ಅಂಗಡಿ ಹಾಕಿದರು. ರೈಲು ಬಂದ ಮೇಲೆ ಹೊರೆಯಾಳಿನ ದಾರಿ ಸೋಲಲೇಬೇಕಿತ್ತು, ಇಲ್ಲಿ ಬೆಟ್ಟವೇ ಸೋಲಿಸಿತಲ್ಲವೆ ಎನ್ನಬಹುದು. ಸೋಲಿಸಿದ್ದು ಎರಡು ಬೆಟ್ಟದಾರಿಗಳಲ್ಲಿ ಒಂದಕ್ಕೆ ಹಣ ಸುರಿದ ಸಾಮ್ರಾಜ್ಯ; ಕಾಲಿಂಪಾಂಗ್‌ನಿಂದ ಲ್ಹಾಸಾಕ್ಕೂ ಹಿಮಾಲಯವನ್ನೇ ದಾಟಬೇಕು. ನೇಪಾಳದ ದಕ್ಷಿಣದಲ್ಲಿ ರಕ್ಸೌಲ್‌ನಿಂದ ಅಮ್ಲೇಖಗಂಜ್‌ಗೆ ರೈಲು ಬಂದದ್ದು 1927ರಲ್ಲಿ, ಕಠ್ಮಂಡುವಿಗೆ ಮೋಟಾರು ರಸ್ತೆ ತಲುಪಿದ್ದು 1956ರಲ್ಲಿ. ಅದೇ 1956ರಲ್ಲಿ ಚೀನದೊಂದಿಗಿನ ಹೊಸ ಒಪ್ಪಂದದಿಂದ ಹಳೆಯ ವರ್ತಕ ಹಕ್ಕುಗಳು ರದ್ದಾದವು. 1959ರ ಟಿಬೆಟ್ ಬಂಡಾಯದ ನಂತರ ಗಡಿ ಬಿಗಿಯಾಯಿತು. ಭಾರತದ ಕಡಲ ಉಪ್ಪು ರಸ್ತೆಯ ಮೇಲೆ ಬಂತು, ಡೋಲ್ಪೊದ ಕುರಿಗಳ ಬೆನ್ನಿನ ಚೀಲ ಬೆಲೆ ಕಳೆದುಕೊಂಡಿತು.

ಇಂದಿನ ಮಾತಿಗೆ ಬಂದರೆ, ಕಡಲಿಲ್ಲದಿರುವುದು ನಿಜವಾದ ಕಷ್ಟವೇ. ಪೆಟ್ರೋಲು, ಸಿಮೆಂಟು, ಗೊಬ್ಬರಗಳ ಕಾಲದಲ್ಲಿ ಕಸ್ತೂರಿಯ ಕಾಲದ ಲೆಕ್ಕ ನಡೆಯುವುದಿಲ್ಲ. ಕಲ್ಕತ್ತೆಯ ಬಂದರಿನಿಂದ ಬರುವ ಪ್ರತಿ ಮೂಟೆಗೂ ದೂರದ ಬಾಡಿಗೆ ಸೇರುತ್ತದೆ. 2015ರ ಏಪ್ರಿಲ್ 25ರ ಭೂಕಂಪ ಹಳೆಯ ಕುತಿಯ ದಾರಿಯಲ್ಲಿರುವ ತಾತೋಪಾನಿಯ ಗಡಿದಾರಿಯನ್ನು ಕೆಡವಿದಾಗ ಅದು ಮತ್ತೆ ತೆರೆಯಲು ನಾಲ್ಕು ವರ್ಷ ಹಿಡಿಯಿತು. ಇಷ್ಟನ್ನು ಬೆಟ್ಟದ ಖಾತೆಗೆ ಬರೆಯೋಣ. ಆದರೆ 1989ರಲ್ಲಿ ವ್ಯಾಪಾರ ಮತ್ತು ಸಾಗಣೆಯ ಒಪ್ಪಂದಗಳ ಅವಧಿ ಮುಗಿದಾಗ ಭಾರತ ಎರಡನ್ನು ಬಿಟ್ಟು ಉಳಿದ ಗಡಿಕಟ್ಟೆಗಳನ್ನೆಲ್ಲ ಮುಚ್ಚಿದ್ದು ಸಮತಟ್ಟಾದ ತರಾಯಿಯಲ್ಲಿ, ಒಂದು ದಿಬ್ಬವೂ ಇಲ್ಲದ ಕಡೆ. 2015ರ ಸೆಪ್ಟೆಂಬರ್‌ನಲ್ಲಿ ಹೊಸ ಸಂವಿಧಾನ ಬಂದೊಡನೆ ಅದೇ ಗಡಿಯಲ್ಲಿ ತಿಂಗಳುಗಟ್ಟಲೆ ಲಾರಿಗಳು ನಿಂತವು. ಸಂವಿಧಾನವನ್ನು ವಿರೋಧಿಸಿದ ತರಾಯಿಯ ಮಧೇಶಿ ಚಳವಳಿಯವರು ತಡೆದದ್ದೆಂದು ದೆಹಲಿ, ದೆಹಲಿಯೇ ತಡೆದದ್ದೆಂದು ಕಠ್ಮಂಡು ಹೇಳಿದವು. ಭೂಕಂಪದಲ್ಲಿ ಮನೆ ಕಳೆದುಕೊಂಡವರು ಆ ಚಳಿಗಾಲವನ್ನು ಅಡುಗೆ ಅನಿಲವಿಲ್ಲದೆ ಕಳೆದರು. ಮರುವರ್ಷ ನೇಪಾಳ ಚೀನದ ಬಂದರುಗಳನ್ನು ಬಳಸುವ ಸಾಗಣೆ ಒಪ್ಪಂದಕ್ಕೆ ಸಹಿ ಹಾಕಿತು. ಚೀನದ ಬಂದರುಗಳು ಮೂರು ಸಾವಿರ ಕಿಲೋಮೀಟರಿಗೂ ಆಚೆ. ಆ ದಾರಿ ಅಗ್ಗವಾಗುವುದೆಂದು ಯಾರೂ ಎಣಿಸಿರಲಿಲ್ಲ. ದಕ್ಷಿಣದ ಕಟ್ಟೆ ಮತ್ತೊಮ್ಮೆ ಮುಚ್ಚಿದರೆ ಮಾತಾಡಲು ಕೈಯಲ್ಲೊಂದು ಕಾಗದ ಇರಲಿ ಎಂಬುದಕ್ಕೇ ಆ ಸಹಿ. ಅದರ ಬೆನ್ನಿಗೆ ಚರ್ಚೆಗೆ ಬಂದ ರೈಲುಮಾರ್ಗವೂ ನಕ್ಷೆಯಲ್ಲಿ ಕಠ್ಮಂಡುವಿಗೆ ಇಳಿಯುವುದು ಅದೇ ಹಳೆಯ ಕೇರುಂಗ್‌ನಿಂದ.